ರಾಯರ ಅರ್ಧ ಹಾಡು

ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಬೆಳಗ್ಗೆ ಹಾಲಿನ ಬೂತಿನ ಹತ್ತಿರ ಇವರು ಸಿಕ್ಕೇ ಸಿಗುತ್ತಾರೆ. ಮೇಲೆ ಅರ್ಧತೋಳಿನ ಬನಿಯನ್ನು, ಕೆಳಗೆ ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಕೈಯಲ್ಲಿ ಎರಡು ಪ್ಯಾಕೆಟ್ ನಂದಿನಿ. ಈಗತಾನೇ ಸಂಧ್ಯಾವಂದನೆ ಮುಗಿಸಿ ಬಂದವರು ಅಂದುಕೊಳ್ಳಬೇಕು. ಆದರೆ ಬಾಯೊಳಗೆ ಗಿಟಾರು ಗುಂಯ್‌ಗುಡುತ್ತಿರುತ್ತದೆ, ಬೆರಳುಗಳು ಹಾಲಿನ ಪ್ಯಾಕೆಟ್ಟಿನ ಮೇಲೆ ಡ್ರಮ್ಸ್ ಬಾರಿಸುತ್ತಿರುತ್ತವೆ. ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗನೊಬ್ಬ ಪಕ್ಕಕ್ಕೆ ಬಂದು ನಿಂತನೋ, ಅವನು ಆ ದಿನ ಕಾಲೇಜಿಗೆ ತಡವಾದ ಹಾಗೆಯೇ. "ಏನಪ್ಪಾ ಕೇಳ್ತಿದೀಯ? ಇದೆಲ್ಲ ಮ್ಯೂಸಿಕ್ಕಾ? ಕೂತ್ಕೋ, ಹೇಳ್ತೀನಿ."

ಇವರು ಮಾಜಿ ರಾಕ್ ರಸಿಕರು. ಹಾಗಂದರೆ ಅವರಿಗೆ ಕೋಪ. ಯಾವಾಗ ಮಾಜಿ ಆದೆ ಎಂದು ಕೇಳುತ್ತಾರೆ. ಇವರ ಆಸ್ತಿ ಹೆಚ್ಚೇನಿಲ್ಲ. ಒಂದು ಕ್ಯಾಸೆಟ್ಟು, ಒಂದು ಕರಿ ಟೀ ಶರ್ಟು, ಹೇಳಿದ್ದನ್ನೇ ಹೇಳಲು ಒಂದು ಕಥೆ, ಕೇಳಿದ್ದನ್ನೇ ಕೇಳಲು ಒಬ್ಬ ಹೆಂಡತಿ.

ನಮ್ಮ ಬೀದಿಯಲ್ಲಿ ಇಂಥವರು ಇಬ್ಬರು ಮೂವರಿದ್ದಾರೆ. ನಾನು ಹೇಳಹೊರಟಿರುವುದು ಮೂಲೆಮನೆ ರಾಯರ ಸಂಗತಿ. ಬ್ಯಾಂಕಿನಲ್ಲಿ ಸಾಲ ವಸೂಲಿ ನೋಡಿಕೊಳ್ಳುತ್ತಿದ್ದವರು. ಅವರ ಮನೆಯವರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು, ಇಡೀ ಬೀದಿಗೆ ಮೇಡಂ. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಮೇಲೆ, 2009ರ ಫೆಬ್ರುವರಿ 15ರಂದು, ಈ ದಂಪತಿ ಅರಮನೆ ಮೈದಾನದಲ್ಲಿ ನಡೆದ ಐರನ್ ಮೇಡನ್ ಕಛೇರಿಗೆ ಹೋಗಿಬಂದರು. ಆ ಕಥೆಯನ್ನು ರಾಯರ ಬಾಯಲ್ಲಿ ಒಂದು ಥರ, ಮೇಡಂ ಬಾಯಲ್ಲಿ ಇನ್ನೊಂದು ಥರ ಕೇಳಿದ್ದೇನೆ. ಎರಡೂ ಹೊಂದದ ಕಡೆ ಮೇಡಂ ಹೇಳಿದ್ದನ್ನೇ ಇಟ್ಟುಕೊಂಡಿದ್ದೇನೆ. ರಾಯರೂ ಕೊನೆಗೆ ಹಾಗೇ ಮಾಡುವುದು.

ಮೊದಲು ಟೀ ಶರ್ಟಿನ ವಿಚಾರ ಹೇಳಿಬಿಡಬೇಕು. ಐರನ್ ಮೇಡನ್ ತಂಡಕ್ಕೆ ಎಡ್ಡಿ ಎಂಬೊಂದು ಬೊಂಬೆ ಲಾಂಛನ. ಮಾಂಸ ಕರಗಿದ ಮುಖ, ಗುಳಿಬಿದ್ದ ಕಣ್ಣು, ಕಿರಿದ ಹಲ್ಲು. ಅವನ ಚಿತ್ರವಿದ್ದ ಅಂಗಿಯನ್ನು ರಾಯರು ಬ್ಯಾಂಕಿಗೆ ಸೇರುವ ಮುಂಚೆ ಕೊಂಡಿದ್ದರು. ಹೊಟ್ಟೆ ಅಂಗಿಯನ್ನು ಮೀರಿ ಬೆಳೆದ ಮೇಲೆ ಅದು ಬೀರುವಿನ ತಳ ಸೇರಿತು. ಬನಶಂಕರಿಯಲ್ಲಿ ಮನೆ ಕಟ್ಟಿಸುವಾಗ ಮೇಸ್ತ್ರಿ ದೃಷ್ಟಿಬೊಂಬೆಗೆ ಒಂದು ಹಳೆ ಅಂಗಿ ಬೇಕೆಂದ. ಮೇಡಂ ಬೀರು ತೆಗೆದರು, ಕೈಗೆ ಸಿಕ್ಕಿದ್ದನ್ನು ಕೊಟ್ಟರು. ಸಾಯಂಕಾಲ ಸೈಟಿಗೆ ಬಂದ ರಾಯರು ತಲೆಯೆತ್ತಿ ನೋಡುತ್ತಾರೆ: ಮೊದಲ ಮಹಡಿಯ ಸರಳಿಗೆ ಹುಲ್ಲು ತುಂಬಿದ ಎಡ್ಡಿ ನೇತಾಡುತ್ತಿದ್ದಾನೆ, ಕೊರಳಲ್ಲಿ ಒಂದು ಹಳೆ ಎಕ್ಕಡ, ಪಕ್ಕದಲ್ಲಿ ಬೂದುಗುಂಬಳ. "ಸಾರ್, ನನ್ನ ಸರ್ವೀಸಲ್ಲೇ ಇಂಥ ಖಡಕ್ ಬೊಂಬೆ ಕಟ್ಟಿಲ್ಲ" ಎಂದನಂತೆ ಮೇಸ್ತ್ರಿ. ಗೃಹಪ್ರವೇಶದವರೆಗೂ ಎಡ್ಡಿ ಬಿಸಿಲು ಮಳೆಯಲ್ಲಿ ಅಲ್ಲೇ ಇದ್ದ. ಮನೆಗೆ ಒಂದು ಬಿರುಕೂ ಬಂದಿಲ್ಲ ಎಂಬುದನ್ನು ಮೇಡಂ ಇವತ್ತಿಗೂ ಎತ್ತಿ ಹೇಳುತ್ತಾರೆ.

ಕ್ಯಾಸೆಟ್ಟಿನದು ಇದಕ್ಕಿಂತ ದೊಡ್ಡ ಕಥೆ. 1984ರಲ್ಲಿ ಈ ತಂಡದ 'ಪವರ್‌ಸ್ಲೇವ್' ಆಲ್ಬಂ ಬಂತು. ಅಸಲಿ ಎಲ್‌ಪಿ ಕೊಳ್ಳುವಷ್ಟು ದುಡ್ಡು ರಾಯರ ಹತ್ತಿರ ಎಲ್ಲಿತ್ತು? ಬ್ರಿಗೇಡ್ ರೋಡಿನ ಆಸುಪಾಸಿನ ಒಂದು ಅಂಗಡಿಯವನಿಗೆ ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ ಕೊಟ್ಟು, ಒಂದು ಮಗ್ಗುಲಿಗೆ ಇದನ್ನೂ ಇನ್ನೊಂದು ಮಗ್ಗುಲಿಗೆ ಬೇರೆಯದನ್ನೂ ತುಂಬಿಸಿಕೊಂಡು ಬಂದರು. ಆ ಕಾಲದ ಕಾಲೇಜು ಹುಡುಗರೆಲ್ಲ ಮಾಡುತ್ತಿದ್ದದ್ದು ಅದನ್ನೇ. ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷ, ಆಲ್ಬಂ 51 ನಿಮಿಷ. ಕೊನೆಯ ಹಾಡು ಹದಿಮೂರು ನಿಮಿಷಕ್ಕೂ ಮೀರಿದ್ದು. ಹಡಗೊಂದು ನಡುಗಡಲಲ್ಲಿ ನಿಂತು, ಹಲಗೆಗಳು ಕಿರುಗುಟ್ಟುತ್ತಾ, ಯಾರೋ ಪಿಸುದನಿಯಲ್ಲಿ ಏನೋ ಹೇಳಿ, ಇನ್ನೇನು ಗಿಟಾರುಗಳು ಏಳಬೇಕು ಅನ್ನುವಾಗ ಟಕ್ ಎಂದು ಟೇಪು ನಿಲ್ಲುತ್ತಿತ್ತು.

ಹಾಡು ಇರುವುದೇ ಅಷ್ಟು ಎಂದು ರಾಯರು ನಂಬಿದ್ದರು. ನಂಬಿದ್ದಷ್ಟೇ ಅಲ್ಲ, ಅದಕ್ಕೊಂದು ವ್ಯಾಖ್ಯಾನ ಬೇರೆ. "ಸಾವು ಹೇಗೆ ಬರತ್ತೆ? ಹೇಳಿ ಕೇಳಿ ಬರತ್ತಾ? ಟಕ್ ಅಂತ ಬರತ್ತೆ. ಹಾಡೂ ಹಾಗೇ ಮುಗಿಯತ್ತೆ ನೋಡು. ಇಂಥ ಧೈರ್ಯ ನಿಮ್ಮ ಕರ್ನಾಟಕ ಸಂಗೀತದಲ್ಲಿ ಇದೆಯೇನೇ?" ಎಂದು ಹೆಂಡತಿಯನ್ನು ಕೆಣಕುತ್ತಿದ್ದರು. ಪ್ರತಿ ವರ್ಷ ರಾಮನವಮಿಗೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ ರಾಗ ತಾನ ಪಲ್ಲವಿಗೆ ತಾಳ ಹಾಕುವ ಮೇಡಂ, ಮಂಗಳ ಹಾಡದೆ ಎದ್ದುಹೋಗುವ ಸಂಗೀತದ ಬಗ್ಗೆ ತಮ್ಮ ಅಭಿಪ್ರಾಯವನ್ನು ಒಳಗೇ ಇಟ್ಟುಕೊಂಡಿದ್ದರು.

ಇಷ್ಟು ಅಭಿಮಾನವಿದ್ದೂ ರಾಯರು ಒಂದು ದೊಡ್ಡ ಕಛೇರಿಗೂ ಹೋದವರಲ್ಲ. ಊರಿಗೆ ಬರುವ ರಾಕ್ ತಂಡಗಳಿಗೂ ಬ್ಯಾಂಕಿನ ಲೆಕ್ಕದ ವರ್ಷಕ್ಕೂ ಏನೋ ಹಳೇ ಹಗೆ. ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲ್ 4ರಂದು ಅರಮನೆ ಮೈದಾನದಲ್ಲಿ ಹಾಡಿದಾಗ ರಾಯರು ವಾರ್ಷಿಕ ಲೆಕ್ಕದ ಟ್ಯಾಲಿ ಮಾಡುತ್ತಾ ಶಾಖೆಯಲ್ಲಿದ್ದರು. ಐರನ್ ಮೇಡನ್ ಮೊದಲ ಸಲ ಬಂದದ್ದು 2007ರ ಮಾರ್ಚ್ 17ಕ್ಕೆ. ಮಾರ್ಚ್ ತಿಂಗಳಲ್ಲಿ ವಸೂಲಿ ವಿಭಾಗದವನು ರಜೆ ಕೇಳುವುದುಂಟೆ? ಅವರು ಕೇಳಿದರು. ಮ್ಯಾನೇಜರು ನಕ್ಕರು. ಆ ರಾತ್ರಿ ಮನೆಗೆ ಬಂದು ರಾಯರು ಊಟ ಮಾಡಲಿಲ್ಲ, ಮೇಡಂ ಇದನ್ನು ಗ್ರಹಣ ಹಿಡಿದ ದಿನದ ಉಪವಾಸ ಎಂದು ಲೆಕ್ಕ ಹಾಕಿಕೊಂಡರು.

2009ರಲ್ಲಿ ದಿನವೂ ಒಳ್ಳೆಯದು, ತಿಂಗಳೂ ಒಳ್ಳೆಯದು: ಫೆಬ್ರುವರಿ, ಅದರಲ್ಲೂ ಭಾನುವಾರ. ಇಂಜಿನಿಯರಿಂಗ್ ಓದುತ್ತಿದ್ದ ಮಗ ಎರಡು ಟಿಕೆಟ್ ತಂದ. ಅಪ್ಪ ಕಣ್ಣಲ್ಲಿ ನೀರು ತಂದುಕೊಂಡು "ಇಬ್ರೂ ಹೋಗೋಣ ಕಣೋ" ಎಂದಾಗ ಹುಡುಗನಿಗೆ ಎದೆ ಧಸಕ್ಕೆಂದಿತು. ಸ್ನೇಹಿತರೆಲ್ಲ ಬರುವ ಜಾಗಕ್ಕೆ ಅಪ್ಪನನ್ನು ಕಟ್ಟಿಕೊಂಡು ಹೋಗುವುದೆಂದರೇನು? "ಅಪ್ಪಾ, ನಂಗೆ ಇಂಟರ್ನಲ್ಸ್ ಇದೆ. ನೀವು ಅಮ್ಮನ್ನ ಕರ್ಕೊಂಡ್ ಹೋಗಿ. ನಿನ್ನೆ ತಾನೇ ವ್ಯಾಲೆಂಟೈನ್ಸ್ ಡೇ" ಎಂದು ಅಮ್ಮನನ್ನು ಮುಂದೆ ತಳ್ಳಿದ. (ಅದೇ ಕಛೇರಿಯಲ್ಲಿ ಅವನೂ ಇದ್ದ, ಇನ್ನೊಂದು ಮೂಲೆಯಲ್ಲಿ. ಇದು ರಾಯರಿಗೆ ಇವತ್ತಿಗೂ ಗೊತ್ತಿಲ್ಲ. ಮೇಡಂಗೆ ಅವತ್ತೇ ಗೊತ್ತಿತ್ತು.)

ಮೇಡಂ ತಯಾರಾದ ರೀತಿ ನೋಡಬೇಕಿತ್ತು. ಕಾಟನ್ ಸೀರೆ, ಅದರ ಕೆಳಗೆ ವಾಕಿಂಗ್ ಶೂ. ಚೀಲದಲ್ಲಿ ಪುಳಿಯೋಗರೆ ತುಂಬಿದ ಸ್ಟೀಲ್ ಡಬ್ಬಿ, ಕುದಿಸಿ ಆರಿಸಿದ ನೀರು, ಇಬ್ಬರಿಗೂ ಸ್ವೆಟರು, ಕೂರಲು ಬೆಡ್‌ಶೀಟು, ಕಿವಿಗೆ ಹತ್ತಿ, ತಲೆಗೆ ಅಮೃತಾಂಜನ. ರಾಯರು ಮಗನದೊಂದು ಕರಿ ಟೀ ಶರ್ಟು ಹೊಟ್ಟೆಯ ಮೇಲೆ ಎಳೆದುಕೊಂಡು, ಬೆಲ್ಟಿನ ಪೌಚಿನಲ್ಲಿ ಬಿ.ಪಿ. ಮಾತ್ರೆ ಇಟ್ಟುಕೊಂಡು, ಮಾರುತಿ 800 ತೆಗೆದರು.

ದಾರಿಯುದ್ದಕ್ಕೂ ಉಪದೇಶ. ಬ್ರೂಸ್ ಡಿಕಿನ್ಸನ್ ಅಂತ ಗಾಯಕ, ಅವನು ಬರೀ ಗಾಯಕ ಅಲ್ಲ, ಪೈಲಟ್ಟು. ತಂಡ ಊರೂರು ತಿರುಗುವ ಬೋಯಿಂಗ್ 757 ವಿಮಾನವನ್ನು ತಾನೇ ಓಡಿಸುತ್ತಾನೆ.

"ಹೌದಾ? ನೀವು ಮೈಸೂರಿಗೆ ಹೋಗ್ಬೇಕಾದ್ರೆ ಬಿಡದೀಲಿ ಇಡ್ಲಿ, ಮದ್ದೂರಲ್ಲಿ ವಡೆ, ಶ್ರೀರಂಗಪಟ್ಟಣದಲ್ಲಿ ಬೆನ್ನು ನೋವು."

ಗಿಟಾರಿನವರು ಮೂರು ಜನ.

"ಮೂರು ಯಾಕೆ? ಒಬ್ರು ಶ್ರುತಿಗಾ?"

ಡ್ರಮ್ಸ್ ನುಡಿಸುವ ನಿಕೊ ಮೆಕ್‌ಬ್ರೇನ್ ಚಪ್ಪಲಿ ಹಾಕುವುದಿಲ್ಲ, ಬರಿಗಾಲಲ್ಲೇ ನುಡಿಸುತ್ತಾನೆ.

ಇದೊಂದು ಮೇಡಂಗೆ ಒಪ್ಪಿಗೆಯಾಯಿತು. "ಅವನೊಬ್ಬನಿಗಾದ್ರೂ ಸಂಸ್ಕಾರ ಇದೆ ಅನ್ನಿ."

ಗೇಟಿನಲ್ಲಿ ಕಂಟಕ. ಕಾವಲಿನವನು ಉತ್ತರ ಕರ್ನಾಟಕದ ಕಡೆಯವನು, ಮೇಡಂ ಚೀಲದೊಳಗೆ ಕೈಹಾಕಿ ಒಂದೊಂದೇ ತೆಗೆದಿಟ್ಟ. "ಒಳಗ ಬಿಡಂಗಿಲ್ರೀ ಅಮ್ಮಾರ. ಡಬ್ಬಿ, ನೀರಿನ ಬಾಟ್ಲಿ ಏನೂ ಒಯ್ಯಂಗಿಲ್ಲ." ರಾಯರು ನಾಚಿಕೆಯಿಂದ ಆ ಕಡೆ ತಿರುಗಿ, ತಮಗೂ ಈ ಹೆಂಗಸಿಗೂ ಸಂಬಂಧವಿಲ್ಲದವರಂತೆ ನಿಂತರು. ಹಿಂದೆ ಕ್ಯೂನಲ್ಲಿ ನೂರಾರು ಕರಿ ಟೀ ಶರ್ಟುಗಳು. ಮೇಡಂ ವಾದಕ್ಕಿಳಿಯಲಿಲ್ಲ. ಪಕ್ಕಕ್ಕೆ ಸರಿದು, ಬೆಡ್‌ಶೀಟ್ ಹಾಸಿ, ಡಬ್ಬಿ ಬಿಚ್ಚಿ, "ಬನ್ರೀ, ತಿಂದೇ ಹೋಗೋಣ" ಎಂದರು. ಮುಳ್ಳುಪಟ್ಟಿ ಕಟ್ಟಿಕೊಂಡ ಹುಡುಗರ ಎದುರು, ತಮ್ಮ ಜೀವಮಾನದ ಮೊದಲ ರಾಕ್ ಕಛೇರಿಯ ಬಾಗಿಲಲ್ಲಿ, ರಾಯರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಪುಳಿಯೋಗರೆ ತಿಂದರು. ಉಳಿದದ್ದನ್ನು ಮೇಡಂ ಕಾವಲಿನವನ ಮುಂದಿಟ್ಟರು. "ಡಬ್ಬಿ ಮಾತ್ರ ಜೋಪಾನ. ಅಡಿಯಲ್ಲಿ ನಮ್ಮತ್ತೆ ಹೆಸರು ಕೆತ್ತಿದೆ."

ಅಮೃತಾಂಜನದ ಪುಟ್ಟ ಸೀಸೆ ಕಾವಲಿನವನ ಕಣ್ಣು ತಪ್ಪಿಸಿ ಒಳಗೆ ಬಂತು. ಅದರ ಮಹಿಮೆ ಮುಂದೆ ಬರುತ್ತದೆ.

ಒಳಗೆ ಕುರ್ಚಿ ಇಲ್ಲ ಅನ್ನುವುದನ್ನು ರಾಯರು ಹೆಂಡತಿಗೆ ಹೇಳಿರಲಿಲ್ಲ. ಅವರಿಗೇ ಗೊತ್ತಿರಲಿಲ್ಲವೆಂದು ನನ್ನ ಗುಮಾನಿ. ಒಂದು ಗಂಟೆ ನಿಂತ ಮೇಲೆ ರಾಯರ ಸೊಂಟ ಮಾತಾಡಲು ಶುರುವಾಯಿತು. ದಿನಾ ಐದು ಪೀರಿಯಡ್ ನಿಂತು ಪಾಠ ಮಾಡುವ ಮೇಡಂಗೆ ಏನೂ ಆಗಲಿಲ್ಲ. ಅಲ್ಲಿಂದ ಮೇಲೆ ಇಡೀ ರಾತ್ರಿ ಅವರದೇ.

ದೀಪ ಆರಿತು. ಮೊಳಗಿದ್ದು ಗಿಟಾರಲ್ಲ, ಭಾಷಣ. ಚರ್ಚಿಲ್ ಭಾಷಣ! ಮೊದಲ ಹಾಡು ಎರಡನೇ ಮಹಾಯುದ್ಧದ ವಿಮಾನಗಳ ಮೇಲೆ, ಅದಕ್ಕೆ ಮುನ್ನುಡಿ. ಮೈಸೂರು ಒಡೆಯರ ಅರಮನೆಯ ಅಂಗಳದಲ್ಲಿ ಚರ್ಚಿಲ್ ಗುಡುಗುತ್ತಿದ್ದಾನೆ, ಹುಡುಗರು ಶಿಳ್ಳೆ ಹೊಡೆಯುತ್ತಿದ್ದಾರೆ. ರಾಯರೊಳಗಿನ ವಸೂಲಿ ಅಧಿಕಾರಿ ಸರಕ್ಕನೆ ಎದ್ದು ಕೂತ. ಚರ್ಚಿಲ್ 1896ರಲ್ಲಿ ಸೇನೆಯ ಎಳೆ ಅಧಿಕಾರಿಯಾಗಿ ಬೆಂಗಳೂರಿಗೆ ಬಂದವನು. ಬೆಂಗಳೂರು ಕ್ಲಬ್ಬಿನ 1899ರ ದಫ್ತರದಲ್ಲಿ ಅವನ ಹೆಸರಿಗೆ 13 ರೂಪಾಯಿ ಬಾಕಿ, ವಸೂಲಾಗದ್ದು ಎಂದು ಬರೆದಿರುವುದನ್ನು ಇವತ್ತಿಗೂ ತೋರಿಸುತ್ತಾರೆ. ಆ ಗದ್ದಲದಲ್ಲೇ ರಾಯರು ಹೆಂಡತಿಯ ಕಿವಿಯ ಹತ್ತಿ ತೆಗೆದು ಕೂಗಿದರು: "ಹದಿಮೂರು ರೂಪಾಯಿ ಕಟ್ಟದೆ ಹೋದ ಗಿರಾಕಿ ಕಣೇ ಇವನು! ಬಡ್ಡಿ ಹಾಕಿದ್ರೆ ಇವತ್ತಿಗೆ ಎಷ್ಟಾಯ್ತು ಗೊತ್ತಾ?" ಮೊದಲ ಹಾಡು ಮುಗಿಯುವವರೆಗೂ ಅವರು ಚಕ್ರಬಡ್ಡಿ ಲೆಕ್ಕ ಹಾಕುತ್ತಿದ್ದರು. ಇಪ್ಪತ್ತೈದು ವರ್ಷ ಕಾದ ಹಾಡದು.

ಎಡಗಡೆ ಮೂವರು ಹುಡುಗರು ಸೊಂಟದವರೆಗೆ ಬಗ್ಗಿ ತಲೆ ಒದರುತ್ತಿದ್ದರು. ಹಾಡಿಗೂ ಹಾಡಿಗೂ ನಡುವೆ ಮೇಡಂ ಒಬ್ಬನ ಹೆಗಲು ತಟ್ಟಿದರು. "ಕತ್ತು ನೋಯಲ್ವೇನಪ್ಪಾ?" "ನಾಳೆ ನೋಯತ್ತೆ ಆಂಟಿ." "ನಾಳೆಗೆ ಯಾಕೆ ಬಿಡ್ತೀಯ?" ಎಂದು ಅಮೃತಾಂಜನದ ಸೀಸೆ ತೆಗೆದರು. ಅದು ಕೈಯಿಂದ ಕೈಗೆ ಹೋಯಿತು. ಹತ್ತು ನಿಮಿಷದಲ್ಲಿ ಆ ಸುತ್ತಿನಲ್ಲಿ ಬಿಯರಿನ ವಾಸನೆ ಅಡಗಿ, ನೆಗಡಿಯಾದವರ ಮನೆಯ ವಾಸನೆ ಹರಡಿತು. ಆಮೇಲೆ ಹುಡುಗರು ಆಂಟಿ ಅಂಕಲ್ಲಿಗೆಂದು ಸುತ್ತ ಕೈಕಟ್ಟಿ ಜಾಗ ಮಾಡಿಕೊಟ್ಟರು. ರಾಯರಿಗೆ ಇದು ಅವಮಾನ. 'ಅಂಕಲ್' ಅನ್ನಿಸಿಕೊಳ್ಳಲು ಅವರು ಅಷ್ಟು ದೂರ ಬರಬೇಕಿರಲಿಲ್ಲ.

'ಟ್ರೂಪರ್' ಹಾಡಿಗೆ ಡಿಕಿನ್ಸನ್ ಕೆಂಪು ಸೈನಿಕ ಕೋಟು ತೊಟ್ಟು, ಬ್ರಿಟಿಷ್ ಬಾವುಟ ಬೀಸುತ್ತಾ ಓಡಾಡಿದ. ರಾಯರಿಗೆ ತಂದೆಯವರ ನೆನಪಾಗಿ ಒಂದು ಕ್ಷಣ ಇರುಸುಮುರುಸಾಯಿತು. ಆ ಬಾವುಟ ಇಳಿಸಲೆಂದು ಜೈಲಿಗೆ ಹೋದವರ ಮಗ, ದುಡ್ಡು ಕೊಟ್ಟು ಅದಕ್ಕೆ ಚಪ್ಪಾಳೆ ತಟ್ಟುವುದೇ? ಮೇಡಂ ಮಾತ್ರ ಹಣೆ ಗಂಟಿಕ್ಕಿ ವೇದಿಕೆಯತ್ತ ನೋಡುತ್ತಿದ್ದರು.

"ರೀ, ಇದು ಕ್ರಿಮಿಯಾ ಯುದ್ಧ ಅಲ್ವಾ? 1854? ಇದು ಟೆನಿಸನ್ ಪದ್ಯದ್ದು ರೀ!"

"ಹೇ, ಸುಮ್ನಿರೇ. ಇದು ಸ್ಟೀವ್ ಹ್ಯಾರಿಸ್ ಬರೆದಿದ್ದು."

"ಟೆನಿಸನ್ ಮೊದ್ಲು ಬರೆದಿದ್ದು."

ರಾಯರು ಸುಮ್ಮನಾದರು. ಮುಂದೊಂದು ಹಾಡು ಕಳೆದು, ಅವರ ಹಾಡು ಬಂತು. ಆ ಕ್ಯಾಸೆಟ್ಟಿನ ಕೊನೆಯ ಹಾಡು. "ಇದೇ ಕಣೇ! ಇದೇ!" ಎಂದು ರಾಯರು ಎರಡೂ ಕೈಯೆತ್ತಿದರು, ಮೇಡಂ ಕಿವಿಯ ಹತ್ತಿ ಎರಡನ್ನೂ ಕಿತ್ತೆಸೆದರು.

ಅದು ಕೋಲ್‌ರಿಜ್. ಇಂಗ್ಲಿಷ್ ಐಚ್ಛಿಕ ತರಗತಿಗೆ ಮೇಡಂ ವರ್ಷ ವರ್ಷವೂ ಪಾಠ ಹೇಳಿ, ವರ್ಷ ವರ್ಷವೂ ಕಿಟಕಿಯಾಚೆ ನೋಡುವ ಹುಡುಗರನ್ನು ಬಯ್ದ 'ರೈಮ್ ಆಫ್ ದಿ ಏನ್ಶಂಟ್ ಮ್ಯಾರಿನರ್', ಇಂಗ್ಲಿಷ್ ಕಾವ್ಯ ಓದಿದವರಿಗೆಲ್ಲ ಗೊತ್ತಿರುವ 1798ರ ಕಥನಗೀತೆ. ಮುದಿ ನಾವಿಕನೊಬ್ಬ ಕಡಲಹಕ್ಕಿಯನ್ನು ಕೊಂದು ಇಡೀ ಹಡಗಿಗೆ ಶಾಪ ತಂದುಕೊಂಡ ಕಥೆ. ತಮ್ಮ ಗಂಡ ಇಪ್ಪತ್ತು ವರ್ಷದಿಂದ ಅಡುಗೆಮನೆಗೂ ಕೇಳುವ ಹಾಗೆ ಹಾಕುತ್ತಿದ್ದ ಗಲಾಟೆಯೊಳಗೆ ತಮ್ಮದೇ ಸಿಲಬಸ್ ಅಡಗಿತ್ತು! ಕಾರಿನ ಡೆಕ್ಕಿನಲ್ಲಿ ಸವೆದ ಟೇಪಿನಿಂದ ಒಂದು ಪದವೂ ತಿಳಿಯುತ್ತಿರಲಿಲ್ಲ ಅನ್ನಿ. ಈಗ ಆಳೆತ್ತರದ ಸ್ಪೀಕರಿನಲ್ಲಿ ಎಲ್ಲವೂ ಸ್ಪಷ್ಟ.

ಹಡಗು ನಿಂತಿತು. ಹಲಗೆಗಳು ಕಿರುಗುಟ್ಟಿದವು. ಸುತ್ತ ಕಡಲಿದ್ದೂ ನಾವಿಕರು ಬಾಯಾರಿ ಒಣಗುವ ಭಾಗ ಬಂದಾಗ ಮೇಡಂ ಗಂಟಲೂ ಒಣಗಿತ್ತು. ಕುದಿಸಿ ಆರಿಸಿದ ನೀರು ಗೇಟಿನಲ್ಲಿತ್ತು. ಅಷ್ಟರಲ್ಲಿ ಅವರಿಗೊಂದು ಸೋಜಿಗ. ಸುತ್ತಲಿದ್ದ ಹುಡುಗರೆಲ್ಲ ತುಟಿ ಆಡಿಸುತ್ತಿದ್ದಾರೆ. ಪದ್ಯ ಎಲ್ಲರಿಗೂ ಬಾಯಿಪಾಠ! ಅವರಲ್ಲೊಬ್ಬ ಕಣ್ಣುಮುಚ್ಚಿ, ಕೈ ಚಾಚಿ ಹೇಳುತ್ತಿದ್ದ. ಮೇಡಂ ನೋಡಿದರು, ಮತ್ತೆ ನೋಡಿದರು.

"ಏಯ್! ನೀನು ನಮ್ಮ ಕಾಲೇಜಿನವನಲ್ವಾ? ಹಿಂದಿನ ಬೆಂಚು?"

ಹುಡುಗ ಕಣ್ಣು ಬಿಟ್ಟ. ಕೈಯಲ್ಲಿದ್ದ ಗ್ಲಾಸು ಬೆನ್ನ ಹಿಂದೆ ಹೋಯಿತು. "ನಮಸ್ತೆ ಮೇಡಂ."

"ಈ ಪದ್ಯದ ಪ್ರಶ್ನೆಗೆ ಖಾಲಿ ಪೇಪರ್ ಕೊಟ್ಟಿದ್ಯಲ್ಲೋ! ಹತ್ತು ಮಾರ್ಕಿಂದು!"

"ಮೇಡಂ, ಪ್ರಶ್ನೆಯಲ್ಲಿ ಐರನ್ ಮೇಡನ್ ಅಂತ ಇರ್ಲಿಲ್ಲ ಮೇಡಂ."

ಇತ್ತ ರಾಯರು ಇದಾವುದರ ಪರಿವೆ ಇಲ್ಲದೆ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಎಷ್ಟು ವರ್ಷದ ಅಭ್ಯಾಸ. ಎಲ್ಲಿ ಟಕ್ ಎನ್ನುತ್ತದೆ ಎನ್ನುವುದು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಸರಿಯಾಗಿ ಆ ಗಳಿಗೆಗೆ ಅವರು ಎರಡು ಕೈಯೆತ್ತಿ ಪಟಪಟ ಚಪ್ಪಾಳೆ ತಟ್ಟಿ "ಒನ್ಸ್ ಮೋರ್!" ಎಂದು ಕಿರುಚಿದರು. ಮೈದಾನ ಮೌನವಾಗಿತ್ತು. ಸುತ್ತಲಿನ ತಲೆಗಳೆಲ್ಲ ಇತ್ತ ತಿರುಗಿದವು. ಮರುಕ್ಷಣ ಮೂರೂ ಗಿಟಾರು ಒಟ್ಟಿಗೆ ಎದ್ದವು. ಹಾಡು ಮುಂದುವರಿಯಿತು. ಮುಂದುವರಿಯುತ್ತಲೇ ಹೋಯಿತು. ಇನ್ನೂ ಆರು ನಿಮಿಷ! ರಾಯರ ಕೈ ಗಾಳಿಯಲ್ಲೇ ನಿಂತಿತ್ತು. ಸಾವು, ಧೈರ್ಯ, ಫಿಲಾಸಫಿ ಎಲ್ಲವೂ ಬ್ರಿಗೇಡ್ ರೋಡಿನ ಅಂಗಡಿಯವನ ಕ್ಯಾಸೆಟ್ ಸಾಲದೆ ಹುಟ್ಟಿದ್ದು ಎಂಬುದು ಆ ಆರು ನಿಮಿಷದಲ್ಲಿ ಅವರಿಗೆ ಹೊಳೆಯಿತು. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ನೋಡಿದ್ದರೆ, ಅವರು ಹಿಂದಿನ ಬೆಂಚಿನವನ ಜೊತೆ ಸೇರಿಕೊಂಡು ಹೇಳಿಕೊಡುತ್ತಿದ್ದದ್ದು ಕಾಣುತ್ತಿತ್ತು.

ಇನ್ನುಳಿದ ಹಾಡುಗಳಲ್ಲಿ ಹೇಳುವಂಥದ್ದು ಒಂದೇ. ಕೊನೆಕೊನೆಗೆ, ಡ್ರಮ್ಸಿನ ಹಿಂದಿನಿಂದ ಎಡ್ಡಿ ಎದ್ದ. ವೇದಿಕೆಯ ಚಪ್ಪರಕ್ಕೆ ತಾಗುವಷ್ಟು ಎತ್ತರ, ಈಜಿಪ್ಟಿನ ಮಮ್ಮಿಯ ವೇಷ, ಕಣ್ಣಲ್ಲಿ ಬೆಂಕಿ. ಇಡೀ ಮೈದಾನ ಹೋ ಎಂದಿತು. ಮೇಡಂ ಗಂಡನ ತೋಳು ಹಿಡಿದು ಜಗ್ಗಿದರು.

"ರೀ, ನಮ್ಮ ಮನೆಗೆ ಕಟ್ಟಿದ್ದು ಇವನನ್ನೇ ಅಲ್ವೇನ್ರೀ? ಪಾಪ, ಎಷ್ಟು ಬೆಳೆದುಬಿಟ್ಟಿದಾನೆ!"

ಬಿಟ್ಟ ಮೇಲೆ ಗೇಟಿನಲ್ಲಿ ಡಬ್ಬಿಗೆ ಹುಡುಕಾಟ. ಕಿತ್ತುಕೊಂಡ ಬೆಲ್ಟು, ಲೈಟರು, ಬಾಟಲಿಗಳ ರಾಶಿಯ ಪಕ್ಕದಲ್ಲಿ ಡಬ್ಬಿ ತೊಳೆದು ಬೋರಲು ಹಾಕಿತ್ತು. "ಭಾಳ ಛಲೋ ಇತ್ರೀ ಅಮ್ಮಾರ. ಖಾರ ಒಂಚೂರು ಕಮ್ಮಿ ಆತು ನೋಡ್ರಿ." ಪಕ್ಕದ ಗೇಟಿನಲ್ಲಿ ಯಾರದೋ ಆರತಕ್ಷತೆ ಮುಗಿದು, ಜರಿ ಸೀರೆಯವರೂ ಕರಿ ಅಂಗಿಯವರೂ ಒಂದೇ ರಸ್ತೆಗೆ ಸುರಿದು, ಕಾರುಗಳು ಇಂಚಿಂಚು ತೆವಳುತ್ತಿದ್ದವು.

ರಾಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಮುದುಕ ಯಾಕೆ ಕಥೆ ಹೇಳ್ತಾನೆ?" ಎಂದರು.

"ಅದೇ ಅವನ ಶಿಕ್ಷೆ. ಮದುವೆಗೆ ಹೊರಟವನನ್ನ ಅಡ್ಡಗಟ್ಟಿ ನಿಲ್ಲಿಸಿ ಹೇಳಿದ್ದೇ ಕಥೆ ಹೇಳ್ತಾನೆ, ಊರೂರಲ್ಲಿ ಸಿಕ್ಕಿದವರಿಗೆಲ್ಲ. ಬಿಡ್ಸಿಕೊಂಡು ಹೋಗೋಣ ಅಂದ್ರೆ ಆಗಲ್ಲ. ನಾನು ಪಾಠ ಮಾಡುವಾಗಲೆಲ್ಲ ನಿಮ್ಮನ್ನ ನೆನೆಸ್ಕೊಂಡೇ ಮಾಡ್ತಿದ್ದೆ."

ರಾಯರು ಅದನ್ನು ಹೊಗಳಿಕೆ ಎಂದುಕೊಂಡರು. ಡೆಕ್ಕಿಗೆ ಕ್ಯಾಸೆಟ್ ತಳ್ಳಿದರು, ಹಿಂದೆ ಮುಂದೆ ತಿರುಗಿಸಿ ಆ ಹಾಡಿಗೆ ನಿಲ್ಲಿಸಿದರು. ಚಾಲುಕ್ಯ ಸರ್ಕಲ್ಲಿನ ಸಿಗ್ನಲ್ಲಿಗೆ ಬರುವ ಹೊತ್ತಿಗೆ ಹಡಗು ನಡುಗಡಲಲ್ಲಿ ನಿಂತು, ಹಲಗೆ ಕಿರುಗುಟ್ಟಿ, ಟಕ್ ಎಂದಿತು. ಟೇಪು ಎಲ್ಲಿ ನಿಂತಿತೋ ಅಲ್ಲಿಂದ ಮೇಡಂ ಶುರುಮಾಡಿದರು. ಹಾಡಿನಲ್ಲಿ ಇಲ್ಲದ್ದು, ಕೋಲ್‌ರಿಜ್ ಬರೆದದ್ದು, ತರಗತಿಯಲ್ಲಿ ಹೇಳಲು ಸಮಯ ಸಾಲದೆ ಬಿಟ್ಟದ್ದು, ಎಲ್ಲವನ್ನೂ ಸೇರಿಸಿ. ಹಡಗಿನ ಮೇಲೆ ಸತ್ತುಬಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹಗ್ಗ ಎಳೆಯುತ್ತಿದ್ದರು. ರಾಯರು ಸ್ಟೀರಿಂಗ್ ಮೇಲೆ ಗದ್ದ ಊರಿ ಕೇಳುತ್ತಿದ್ದರು.

"ಆಮೇಲೆ?"

"ಆಮೇಲೆ ಸಿಗ್ನಲ್ ಬಿಟ್ಟಿದೆ, ಗಾಡಿ ತೆಗೀರಿ."